ನೋವು ಹೋದರೆ ಕಾಲು ಬಂದಂತಲ್ಲ

ನಮ್ಮ ಜತ್ ತಾಲ್ಲೂಕಿನ ಕುರುಬರ ಮನೆಗಳಲ್ಲಿ ಮೈಲಾರಲಿಂಗನ ಪಟ ಇಲ್ಲದ ಮನೆ ಸಿಗುವುದು ಅಪರೂಪ. ಮರಾಠಿ ಮಂದಿ ಖಂಡೋಬಾ ಅಂತಾರೆ, ನಾವು ಮೈಲಾರಲಿಂಗ ಅಂತೀವಿ, ದೇವರು ಒಬ್ಬನೇ. ಪಟದಲ್ಲಿ ದೇವರ ಕೆಳಗೆ ಕುದುರೆ, ಕುದುರೆಯ ಕಾಲ ಬಳಿ ನಾಯಿ. ಕುರಿ ಕಾಯುವವರ ಸಂಸಾರವೂ ಈ ಎರಡು ಪ್ರಾಣಿಗಳ ಮೇಲೆಯೇ ನಿಂತದ್ದು. ಕುದುರೆ ಮನೆ ಹೊರುತ್ತದೆ, ನಾಯಿ ಮನೆ ಕಾಯುತ್ತದೆ. ಆದರೆ ಕಾರಹುಣ್ಣಿಮೆ ಬಂದರೆ ಮೈ ತೊಳೆಸಿಕೊಳ್ಳುವುದು ಎತ್ತು, ಕೋಡಿಗೆ ಬಣ್ಣ ಬೀಳುವುದು ಎತ್ತಿಗೆ, ಹೋಳಿಗೆ ತಿನ್ನುವುದೂ ಎತ್ತೇ. ಕುದುರೆಗೆ ದಸರೆಯಲ್ಲಿ ಒಂದು ಹಾರ ಸಿಕ್ಕರೆ ಸಿಕ್ಕಿತು. ನಾಯಿಗೆ ಅದೂ ಇಲ್ಲ.

ಎತ್ತು ಕುಂಟಿದರೆ ಊರೇ ಸೇರುತ್ತದೆ. ಕುದುರೆ ಕುಂಟಿದರೆ "ಬರಿ ಕೊಡ್ರಿ, ಸರಿ ಆಗ್ತೈತಿ" ಅಂತಾರೆ. ನಾಯಿ ಕುಂಟಿದರೆ "ನಾಯಿಗೆ ಮೂರು ಕಾಲು ಸಾಕು" ಅಂತಾರೆ. ಈ ಎರಡು ಮಾತುಗಳನ್ನು ಹುಟ್ಟಿದಾಗಿನಿಂದ ಕೇಳಿದವಳು ನಾನು. ಮೂವತ್ತು ವರ್ಷ ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಯಲ್ಲಿ ಅಕ್ಕೋರಾಗಿ ದುಡಿದು ಈಗ ಮನೆಯಲ್ಲಿದ್ದೇನೆ. ತಮ್ಮ ಇಂದಿಗೂ ಕುರಿ ಕಾಯುತ್ತಾನೆ. ನಮ್ಮದು ಮಾಡಗ್ಯಾಳ ತಳಿಯ ಕುರಿ, ಉದ್ದ ಕಾಲಿನವು, ದೂರ ನಡೆಯುವಂಥವು. ಅವುಗಳ ಸಂಗಡ ಕುದುರೆಯೂ ನಾಯಿಯೂ ಅಷ್ಟೇ ದೂರ ನಡೆಯಬೇಕು.

ನಮ್ಮ ಮನೆಯ ಒಂದು ನಾಯಿ ಮತ್ತು ಒಂದು ಕುದುರೆಯ ಕಾಲು ಹೋಗಿ ತಿರುಗಿ ಬಂದ ಸಂಗತಿಯನ್ನು ಇಲ್ಲಿ ಬರೆಯುತ್ತಿದ್ದೇನೆ. ಪ್ರಾಣಿಗಳಿಗೂ ಫಿಜಿಯೋಥೆರಪಿ ಅಂತ ಒಂದು ಉಪಚಾರ ಇದೆ ಎಂದರೆ ನಮ್ಮ ಮಂದಿ ನಗುತ್ತಾರೆ. ಪಟ್ಟಣದ ಶ್ರೀಮಂತರ ಹುಚ್ಚು ಅಂತಾರೆ. ನಿಜ ನೋಡಿದರೆ ಅದರಲ್ಲಿ ಅರ್ಧ ನಮ್ಮ ಅವ್ವಂದಿರ ಕೈಯಲ್ಲೇ ಇದೆ. ಕೂಸಿಗೆ ಎಣ್ಣೆ ನೀರು ಹಾಕುವಾಗ ಅವ್ವ ಏನು ಮಾಡುತ್ತಾಳೆ? ಕಾಲು ಚಾಚಿ ಕುಂತು, ಕೂಸನ್ನು ಕಾಲ ಮೇಲೆ ಹಾಕಿಕೊಂಡು, ಬೆಚ್ಚನೆಯ ಎಣ್ಣೆ ತಿಕ್ಕಿ, ಒಂದೊಂದೇ ಕೀಲು ಮಡಚಿ ಬಿಡಿಸಿ, ಬಲಗೈಯನ್ನು ಎಡಗಾಲಿಗೆ, ಎಡಗೈಯನ್ನು ಬಲಗಾಲಿಗೆ ತಾಗಿಸಿ ಬಿಡುತ್ತಾಳೆ. ಕೂಸು ಅತ್ತರೆ ನಿಲ್ಲಿಸುತ್ತಾಳೆ. ಇನ್ನರ್ಧ ಮಾತ್ರ ಕಲಿಯಬೇಕಾದದ್ದು: ಯಾವಾಗ ಮುಟ್ಟಬೇಕು, ಎಷ್ಟು ನಡೆಸಬೇಕು, ಎಷ್ಟು ದಿನ ಕಾಯಬೇಕು.

ಮೊದಲು ನಾಯಿಯ ಸಂಗತಿ. ಬಾಣ್ಯಾ ನಮ್ಮ ಮುಧೋಳ ನಾಯಿ. ಮುಧೋಳ ನಮಗೆ ಬಹಳ ದೂರದ್ದಲ್ಲ, ಗಡಿ ದಾಟಿ ಬಾಗಲಕೋಟೆ ಜಿಲ್ಲೆಗೆ ಹೋದರೆ ಬಂತು. ಅಲ್ಲಿಯ ತಿಮ್ಮಾಪುರದಲ್ಲಿ ಈ ತಳಿಯ ಸಂಶೋಧನಾ ಕೇಂದ್ರವೇ ಇದೆ. 2005ರಲ್ಲಿ ಈ ನಾಯಿಯ ಚಿತ್ರದ ಅಂಚೆ ಚೀಟಿಯೂ ಬಂದಿತ್ತು. ಅಂಚೆ ಚೀಟಿ ಏರಿದ ಜಾತಿಯಾದರೂ ರಸ್ತೆಯಲ್ಲಿ ಬೈಕಿಗೆ ಅಡ್ಡ ಬಂದರೆ ಎಲುಬು ಮುರಿಯುತ್ತದೆ. ಬಾಣ್ಯಾನ ಹಿಂದಿನ ಬಲಗಾಲು ಮೊಣಕಾಲಿನ ಕೆಳಗೆ ಮುರಿಯಿತು. ಪಶು ದವಾಖಾನೆಯಲ್ಲಿ ಪ್ಲಾಸ್ಟರ್ ಹಾಕಿದರು, ಆರು ವಾರ ಬಿಟ್ಟು ತೆಗೆದರು. ಎಕ್ಸ್‌ರೇಯಲ್ಲಿ ಎಲುಬು ಕೂಡಿತ್ತು. ಆದರೆ ನಾಯಿ ಕಾಲು ಊರಲಿಲ್ಲ. ಮೇಲಕ್ಕೆ ಎತ್ತಿಕೊಂಡು ಮೂರೇ ಕಾಲಲ್ಲಿ ಓಡಾಡಿತು.

"ಅಕ್ಕಾ, ಎಲುಬು ಕೂಡೇತಿ, ಮತ್ತ್ಯಾಕ ಊರವಲ್ದು?" ಎಂದು ತಮ್ಮ ಕೇಳಿದ. ದವಾಖಾನೆಯ ಡಾಕ್ಟರ್ ಹರೆಯದ ಹುಡುಗ, ಮರಾಠಿ ಮಾತಾಡುವವರು, ನಮ್ಮೊಂದಿಗೆ ಹರಕು ಮುರಕು ಕನ್ನಡ. ಅವರು ನನ್ನ ಹತ್ತಿರ ಹೊಲಿಗೆ ಟೇಪು ಕೇಳಿ ಇಸಿದುಕೊಂಡು ಎರಡೂ ತೊಡೆ ಅಳೆದರು. ಗಟ್ಟಿ ಕಾಲಿನ ತೊಡೆ 14 ಇಂಚು, ಪೆಟ್ಟಾದದ್ದು 12. "ಬಾಯಿ, ಎಲುಬು ತಯಾರ ಐತಿ, ಮಾಂಸ ತಯಾರ ಇಲ್ಲ. ಆರು ವಾರ ಕೆಲಸ ಇಲ್ಲದ ಕುಂತ ಮಾಂಸ ಕರಗೇತಿ, ಕೀಲು ಬಿಗದೈತಿ. ಈಗ ಔಷಧ ನಿಮ್ಮ ಕೈ" ಎಂದರು.

ಅವರು ಹೇಳಿಕೊಟ್ಟದ್ದು ಇಷ್ಟು. ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಮೊದಲು ನನ್ನ ಮುಂಗೈ ಒಳಬದಿಗೆ ಇಟ್ಟು ನೋಡಬೇಕು. ನನಗೆ ಹಿತ ಅನ್ನಿಸಿದರೆ ಮಾತ್ರ ನಾಯಿಯ ತೊಡೆಗೆ, ಹತ್ತು ನಿಮಿಷ. ಆಮೇಲೆ ಪಾದದಿಂದ ಮೇಲಕ್ಕೆ, ಅಂದರೆ ಎದೆಯ ಕಡೆಗೆ, ಹಗುರವಾಗಿ ನೀವಬೇಕು. ಆಮೇಲೆ ಒಂದು ಕೈ ಕೀಲಿನ ಮೇಲೆ, ಒಂದು ಕೈ ಕೆಳಗೆ ಹಿಡಿದು, ಮೆಲ್ಲಗೆ ಮಡಚಿ ಬಿಡಿಸುವುದು, ಹತ್ತರಿಂದ ಹದಿನೈದು ಸಾರಿ, ದಿನಕ್ಕೆ ಎರಡು ಹೊತ್ತು. ನಾಯಿ ಕೂಗುವ ತನಕ ಕಾಯಬಾರದು. ತಿರುಗಿ ಕೈ ನೋಡಿದರೆ, ತುಟಿ ನೆಕ್ಕಿದರೆ, ಕಾಲು ಹಿಂದಕ್ಕೆ ಎಳೆದರೆ ಅಲ್ಲಿಗೆ ಸಾಕು. ನೋವಿನಲ್ಲಿದ್ದ ನಾಯಿ ಸಾಕಿದವರನ್ನೂ ಕಚ್ಚುತ್ತದೆ. ಮಕ್ಕಳ ಕೈಗೆ ಈ ಕೆಲಸ ಕೊಡಬಾರದು, ಹುಚ್ಚುನಾಯಿ ರೋಗದ ಲಸಿಕೆ ತಪ್ಪಿಸಬಾರದು.

ನಡೆಸುವುದರಲ್ಲಿ ಒಂದು ಗುಟ್ಟಿದೆ. ಓಡಲು ಬಿಟ್ಟರೆ ನಾಯಿ ನೋವಿನ ಕಾಲು ಮಡಚಿಕೊಂಡು ಮೂರರಲ್ಲಿ ಓಡುತ್ತದೆ. ಹಗ್ಗ ಹಿಡಿದು ತೀರ ನಿಧಾನ ನಡೆಸಿದರೆ ಮಾತ್ರ ನಾಲ್ಕನೆಯ ಕಾಲು ಊರಲೇಬೇಕಾಗುತ್ತದೆ. ಅಂಗಳದಲ್ಲಿ ಜೋಳದ ದಂಟುಗಳನ್ನು ಒಂದೊಂದು ಮೊಳಕ್ಕೆ ಅಡ್ಡ ಇಟ್ಟು ದಾಟಿಸಿದೆ. ಕುಂದರಿಸಿ ಎಬ್ಬಿಸುವುದು ಇನ್ನೊಂದು ವ್ಯಾಯಾಮ, ನಮ್ಮ ಶಾಲೆಯ ಬೈಠಕ್ ಇದ್ದ ಹಾಗೆ. ಹಳ್ಳದಲ್ಲಿ ನೀರಿದ್ದ ಕಾಲ ಅದು, ತಮ್ಮ ನಾಯಿಯನ್ನು ಸೊಂಟದ ಮಟ್ಟ ನೀರಿನಲ್ಲಿ ನಡೆಸಿದ. ಸೊಂಟದ ತನಕ ನೀರಲ್ಲಿ ನಿಂತ ನಾಯಿಯ ಕಾಲುಗಳ ಮೇಲೆ ಅದರ ಭಾರದ ನೂರಕ್ಕೆ ಸುಮಾರು 38 ಪಾಲು ಮಾತ್ರ ಬೀಳುತ್ತದೆ, ಉಳಿದದ್ದನ್ನು ನೀರೇ ಹೊರುತ್ತದೆ. ದ್ರಾಕ್ಷಿ, ದಾಳಿಂಬೆ ತೋಟದ ಪ್ಲಾಸ್ಟಿಕ್ ಹಾಸಿದ ಹೊಂಡಕ್ಕೆ ಮಾತ್ರ ಇಳಿಸಬಾರದು. ಇಳಿದ ನಾಯಿ ಹತ್ತಿ ಬರಲಾರದು, ಇಳಿಸಿದವನೂ ಹತ್ತಲಾರ.

ಮೂರು ತಿಂಗಳಿಗೆ ತೊಡೆ ಹದಿಮೂರೂವರೆ ಇಂಚು ಆಯಿತು. ಬಾಣ್ಯಾ ನಾಲ್ಕೂ ಕಾಲೂರಿ ಕುರಿಯ ಹಿಂದೆ ಹೋದ. ಆ ಹೊಲಿಗೆ ಟೇಪು ಇಂದಿಗೂ ನಮ್ಮ ಮನೆಯ ಗೂಟಕ್ಕೆ ನೇತಾಡುತ್ತದೆ. ಕಣ್ಣು ಆಸೆಯಿಂದ ನೋಡುತ್ತದೆ, ಟೇಪಿಗೆ ಆಸೆ ಇಲ್ಲ.

ಇದಾದ ಎರಡು ವರ್ಷಕ್ಕೆ ಚಂದ್ರಿಯ ಸರದಿ ಬಂತು. ಚಂದ್ರಿ ನಮ್ಮ ಹೆಣ್ಣು ಕುದುರೆ. ಭಾದ್ರಪದದ ಮಳೆಯಲ್ಲಿ ಹಳ್ಳ ದಾಟುವಾಗ ಮುಂದಿನ ಎಡಗಾಲು ಬಂಡೆಗಳ ನಡುವೆ ಜಾರಿತು. ಮರುದಿನ ಮೊಣಕಾಲಿನ ಕೆಳಗೆ, ಹಿಂಬದಿಗೆ, ಬಿಲ್ಲು ಬಗ್ಗಿದ ಹಾಗೆ ಬಾವು. ಮುಟ್ಟಿದರೆ ಬಿಸಿ. ನಡೆಸಿದರೆ ತಲೆ ಹಾಕುತ್ತಿತ್ತು. ಇದನ್ನು ನಮ್ಮ ಓದುಗರು ನೆನಪಿಡಬೇಕು: ಮುಂಗಾಲು ನೋಯುವ ಕುದುರೆ ಆ ಕಾಲು ನೆಲಕ್ಕೆ ತಾಗಿದಾಗ ತಲೆ ಎತ್ತುತ್ತದೆ, ಗಟ್ಟಿ ಕಾಲು ಊರಿದಾಗ ತಲೆ ಇಳಿಸುತ್ತದೆ. ತಲೆ ಇಳಿದ ಕಡೆ ನೋವಿದೆ ಅಂತ ಬಹಳ ಮಂದಿ ತಿಳಿದು ಗಟ್ಟಿ ಕಾಲಿಗೇ ಎಣ್ಣೆ ತಿಕ್ಕುತ್ತಾರೆ.

ಕುದುರೆಯ ಕಾಲು ವಿಚಿತ್ರವಾದದ್ದು. ಮುಂಗಾಲಿನ ಮೊಣಕಾಲು, ಹಿಂಗಾಲಿನ ಮಂಡಿ, ಇವುಗಳ ಕೆಳಗೆ ಅದಕ್ಕೆ ಮಾಂಸವೇ ಇಲ್ಲ ಎನ್ನಬಹುದು. ಎಲುಬು, ಚರ್ಮ, ನಡುವೆ ಹಗ್ಗದಂಥ ಗಟ್ಟಿ ಎಳೆಗಳು, ಅಷ್ಟೆ. ನಾವು ಅವನ್ನು ನರ ಅಂತೀವಿ, ಪುಸ್ತಕದಲ್ಲಿ ಸ್ನಾಯುರಜ್ಜು ಅಂತಾರೆ. ಮೈಭಾರದ ನೂರಕ್ಕೆ ಸುಮಾರು 60 ಪಾಲು ಮುಂದಿನ ಎರಡು ಕಾಲಿನ ಮೇಲೆ. ನಮಗೆ ಹೆಗಲಿನ ಮುಂದೆ ಅಡ್ಡ ಎಲುಬಿದೆ, ಕುದುರೆಗೆ ಅದೂ ಇಲ್ಲ. ಅದರ ಎದೆಗೂಡು ಎರಡು ಮುಂಗಾಲುಗಳ ನಡುವೆ ಬರೀ ಮಾಂಸಖಂಡದ ಜೋಳಿಗೆಯಲ್ಲಿ ತೂಗುತ್ತದೆ. ಒಂದು ಕಾಲು ನೊಂದರೆ ಇನ್ನೊಂದು ಕಡೆಯ ಹೆಗಲು, ಕುತ್ತಿಗೆ, ಬೆನ್ನು ಎಲ್ಲ ಬಿಗಿಯುವುದು ಇದಕ್ಕೇ. ಬಾವು ಕಾಲಿನಲ್ಲಿದ್ದರೂ ಬೆನ್ನನ್ನೂ ಮುಟ್ಟಿ ನೋಡಬೇಕು.

ಸುದ್ದಿ ಹಬ್ಬಿದ ಕೂಡಲೇ ಬರೆ ಕೊಡುವವರು ಬಂದರು. ನಾನು ಬೇಡ ಎಂದೆ. ಕಾದ ಕಬ್ಬಿಣ ಇಡುವುದು ನಮ್ಮ ಹಳ್ಳಿಯ ಪದ್ಧತಿ ಮಾತ್ರ ಅಲ್ಲ, ಇಂಗ್ಲೆಂಡಿನಲ್ಲಿ ಓಟದ ಕುದುರೆಗಳಿಗೂ ಕೊಡುತ್ತಿದ್ದರು. ಅಲ್ಲಿಯ ಬ್ರಿಸ್ಟಲ್ ವಿಶ್ವವಿದ್ಯಾಲಯದವರು ಪರೀಕ್ಷೆ ಮಾಡಿ, ಇದರಿಂದ ಈ ಎಳೆಗಳು ಬೇಗ ಕೂಡುವುದಿಲ್ಲ ಎಂದು 1983ರಲ್ಲಿ ಪ್ರಕಟಿಸಿದರು. ಬರೆ ಬಿದ್ದ ಕುದುರೆ ಸುಟ್ಟ ನೋವಿಗೆ ನಡೆಯದೆ ನಿಲ್ಲುತ್ತದೆ. ನಿಂತದ್ದರಿಂದ ಗುಣ ಕಂಡರೆ ಹೆಸರು ಬರುವುದು ಬರೆಗೆ.

ಡಾಕ್ಟರ್ ಬಂದು ಕಾಲು ಎತ್ತಿ, ಬೆರಳಿನಿಂದ ಎಳೆ ಹಿಡಿದು ನೋಡಿದರು. "ಮೊದಲ ಎರಡು ಮೂರು ದಿನ ತಣ್ಣೀರು. ಬಿಸಿ ಬೇಡ, ಎಣ್ಣಿ ಬೇಡ, ತಿಕ್ಕೂದು ಬೇಡ" ಎಂದರು. ಹೊಸ ಬಾವಿಗೆ ತಂಪು, ಹಳೆಯ ಬಿಗಿತಕ್ಕೆ ಕಾವು. ಕೊಡದ ನೀರು ಸಣ್ಣಗೆ ಹನಿಸುತ್ತ ಇಪ್ಪತ್ತು ನಿಮಿಷ, ದಿನಕ್ಕೆ ಮೂರು ನಾಲ್ಕು ಸಾರಿ. ನಮ್ಮದು ಬರದ ನಾಡು, ಕಾಲಿಗೆ ಸುರಿದ ನೀರನ್ನು ಬುಟ್ಟಿಯಲ್ಲಿ ಹಿಡಿದು ಮತ್ತೆ ಸುರಿದೆವು.

ಮೂರು ವಾರಕ್ಕೆ ಬಾವು ಇಳಿಯಿತು, ಕುಂಟು ನಿಂತಿತು. ತಮ್ಮನಿಗೆ ಸಂತೋಷ. ದೀಪಾವಳಿ ಮುಗಿದರೆ ಕುರಿ ಹೊಡೆದುಕೊಂಡು ಕೃಷ್ಣೆಯ ದಂಡೆಗೆ ಹೋಗಬೇಕು. ಅಲ್ಲಿಯ ರೈತರು ಹೊಲದಲ್ಲಿ ಕುರಿ ನಿಲ್ಲಿಸಿಕೊಳ್ಳಲು ಮಾತು ಕೊಟ್ಟಿದ್ದರು. ಇಲ್ಲಿ ಮೇವಿಲ್ಲ. ಹೋಗದಿದ್ದರೆ ಕುರಿ ಸಾಯುತ್ತವೆ, ಹೋದರೆ ಸಂಸಾರ ಹೊರಲು ಕುದುರೆ ಬೇಕು.

"ಯಾವಾಗ ಹೇರು ಹಾಕೂದ್ರೀ?" ಎಂದು ಡಾಕ್ಟರನ್ನು ಕೇಳಿದ.

"ಆರು ತಿಂಗಳು ಬಿಟ್ಟು ನೋಡೋಣು."

"ಕುಂಟು ಹೋಗೇತಲ್ರೀ ಸಾಹೇಬ್ರ!"

"ಹೋಗಿದ್ದು ನೋವು. ಒಳಗ ಕಾಲಿನ್ನೂ ಬಂದಿಲ್ಲ."

ಹರಿದ ಎಳೆಯ ಜಾಗದಲ್ಲಿ ದೇಹ ಮೊದಲು ಅವಸರದ ತೇಪೆ ಹಾಕುತ್ತದೆ. ಆ ತೇಪೆಯ ನೂಲು ಅಡ್ಡಾದಿಡ್ಡಿ ಇರುತ್ತದೆ, ಮೊದಲಿನ ಎಳೆಯಷ್ಟು ಹಿಗ್ಗುವುದಿಲ್ಲ. ದಿನಾ ಸ್ವಲ್ಪ ಸ್ವಲ್ಪ ನಡೆಸಿದರೆ ನೂಲು ನಡಿಗೆಯ ದಿಕ್ಕಿಗೆ ಸಾಲಾಗಿ ಕೂಡುತ್ತದೆ. ಕಟ್ಟಿಯೇ ಹಾಕಿದರೆ ಗಂಟಾಗುತ್ತದೆ, ಅವಸರ ಮಾಡಿ ಹೇರು ಹಾಕಿದರೆ ಅಲ್ಲೇ ಮತ್ತೆ ಹರಿಯುತ್ತದೆ. ಎರಡನೆಯ ಸಾರಿ ಹರಿದದ್ದು ಮೊದಲಿನದಕ್ಕಿಂತ ಕಷ್ಟ. ಇದಕ್ಕೆ ತಿಂಗಳುಗಳೇ ಬೇಕು, ಒಮ್ಮೊಮ್ಮೆ ವರ್ಷವೇ ಹಿಡಿಯುತ್ತದೆ. ಗುಳಿಗೆ ಸೂಜಿ ನೋವನ್ನು ಮುಚ್ಚುತ್ತವೆ, ದಿನ ಕಡಿಮೆ ಮಾಡುವುದಿಲ್ಲ.

ಈ ಹೊತ್ತಿನಲ್ಲಿ ಒಬ್ಬ ವ್ಯಾಪಾರಿ ಬಂದ. "ಒಂದು ಸೂಜಿ ಹಾಕಿಸಿ ಜತ್ತಿನ ಯಲ್ಲಮ್ಮನ ಜಾತ್ರಿಗೆ ತಗೊಂಡ್ ಹೋಗಿ ಮಾರಿಬಿಡು. ಯಾರಿಗೆ ಗೊತ್ತಾಗ್ತೈತಿ?" ಎಂದ. ತಮ್ಮ ಆ ರಾತ್ರಿ ಊಟಕ್ಕೆ ಕುಂತು ಎದ್ದುಬಿಟ್ಟ. ಅವನ ಸಂಕಟ ನನಗೆ ಗೊತ್ತಿತ್ತು. ಪಿಂಚಣಿ ಬರುವವಳಾಗಿ ನಾನು ದಯೆಯ ಮಾತಾಡುವುದು ಸುಲಭ. ಅವನ ರೊಟ್ಟಿ ಆ ಕುದುರೆಯ ಬೆನ್ನ ಮೇಲಿತ್ತು. ಮಾತಾಡಿದವಳು ಅವ್ವ. "ಮಾರಾಕ ಹೊಂಟಿದ್ದು ಕುದುರಿ ಅಲ್ಲೋ ಯಪ್ಪಾ, ಅದರ ಬ್ಯಾನಿ. ತಗೊಂಡಾಂವನೂ ನಮ್ಮಂಥಾ ಕುರುಬನ ಇರ್ತಾನ" ಅಂದಳು. ಇಷ್ಟೇ ಅಂದು ಮಲಗಿದಳು.

ತಮ್ಮ ಎರಡು ಟಗರು ಮಾರಿದ. ಆ ದುಡ್ಡಿನಲ್ಲಿ ದೂರದ ಪಯಣಕ್ಕೆ ಟೆಂಪೋ ಗೊತ್ತು ಮಾಡಿದ. ಹೊಲದಿಂದ ಹೊಲಕ್ಕೆ ಹೋಗುವಾಗ ಕಾಕಾನ ಮಗನ ಕುದುರೆಯ ಮೇಲೆ ಎರಡು ಮನೆಯ ಸಾಮಾನು ಎರಡು ಸಾರಿ ಹೊರಿಸಿದರು. ಚಂದ್ರಿ ನನ್ನ ಅಂಗಳದಲ್ಲಿ ಉಳಿಯಿತು.

ಶಾಲೆಯ ವೇಳಾಪತ್ರಿಕೆ ಬರೆದ ಕೈ ನನ್ನದು, ಕುದುರೆಗೂ ಒಂದು ಬರೆದೆ. ಕೈಯಲ್ಲಿ ಹಗ್ಗ ಹಿಡಿದು ಬೆಳಿಗ್ಗೆ ಹತ್ತು ನಿಮಿಷ, ಸಂಜೆ ಹತ್ತು ನಿಮಿಷ, ಸಪಾಟಾದ ಗಟ್ಟಿ ನೆಲದ ಮೇಲೆ. ವಾರಕ್ಕೆ ಐದು ನಿಮಿಷ ಏರಿಕೆ. ಮರುದಿನ ಕಾಲು ಬಿಸಿಯಾಗಿದ್ದರೆ ಹಿಂದಿನ ವಾರಕ್ಕೆ ಇಳಿಕೆ. ಎರಡೂ ಮುಂಗಾಲನ್ನು ಎರಡೂ ಕೈಯಲ್ಲಿ ಒಟ್ಟಿಗೆ ಹಿಡಿದು ಯಾವುದು ಬಿಸಿ ಎಂದು ನೋಡುವುದು ದಿನದ ಮೊದಲ ಕೆಲಸ. ಕುತ್ತಿಗೆ, ಹೆಗಲು, ಬೆನ್ನು ಒಣ ಹುಲ್ಲಿನ ಸಿಂಬೆಯಿಂದ ಉಜ್ಜುವುದು. ಗಜ್ಜರಿ ತೋರಿಸಿ ಕುತ್ತಿಗೆಯನ್ನು ಒಮ್ಮೆ ಬಲ ಪಕ್ಕೆಗೆ, ಒಮ್ಮೆ ಎಡ ಪಕ್ಕೆಗೆ ತಿರುಗಿಸುವುದು. ಗೊರಸಿನ ಕಲ್ಲು ತೆಗೆಯುವುದು, ಆರರಿಂದ ಎಂಟು ವಾರಕ್ಕೊಮ್ಮೆ ಗೊರಸು ಕೆತ್ತಿಸುವುದು. ಮಲಗಲು ಬರುವಷ್ಟು ಉದ್ದ ಹಗ್ಗ ಬಿಡುವುದು. ಕುದುರೆ ನಿಂತೇ ತೂಕಡಿಸಬಲ್ಲದು, ಆದರೆ ಗಾಢ ನಿದ್ದೆಗೆ ಅದು ಮಲಗಲೇಬೇಕು.

ಶಾಲೆಯ ಮಕ್ಕಳು ಬಂದು ನೋಡುತ್ತಿದ್ದರು. ಕಣ್ಣು ಮುಚ್ಚಿ ಗೊರಸಿನ ಸಪ್ಪಳ ಕೇಳಿರಿ ಎಂದೆ. ನಾಲ್ಕು ಸಪ್ಪಳವೂ ಒಂದೇ ಸಮ ಬಂದರೆ ಚಲೋ, ಒಂದು ಹಗುರಾಗಿ ಬಿದ್ದರೆ ಅಲ್ಲಿ ನೋವು. ನಾಲ್ಕನೆಯ ಇಯತ್ತೆಯ ಒಬ್ಬ ಹುಡುಗಿ ನನಗಿಂತ ಚೆನ್ನಾಗಿ ಹಿಡಿಯುತ್ತಿದ್ದಳು.

ಯುಗಾದಿ ದಾಟಿ ಡಾಕ್ಟರ್ ಒಪ್ಪಿದ ಮೇಲೆ ಮೊದಲ ಹೇರು ಹಾಕಿದೆವು, 20 ಕಿಲೋ. ಅದಕ್ಕೂ ಮೊದಲು ತಮ್ಮ ಹಿಂದೆ ಹೊರಿಸುತ್ತಿದ್ದ ಸಾಮಾನೆಲ್ಲ ಕಿರಾಣಿ ಅಂಗಡಿಯ ಕಾಟಾದ ಮೇಲೆ ಇಟ್ಟು ತೂಗಿದೆವು. ಕಂಬಳಿ, ಪಾತ್ರೆ, ಹಿಟ್ಟು, ಕುರಿ ಕೂಡುವ ಬಲೆ, ಎರಡು ಮರಿ ಎಲ್ಲ ಸೇರಿ 96 ಕಿಲೋ. ಭಾರತ ಸರಕಾರದ 1965ರ ನಿಯಮದಲ್ಲಿ ತಟ್ಟು ಕುದುರೆಗೆ 70 ಕಿಲೋ, ಕತ್ತೆಗೆ 50 ಕಿಲೋ ಮಿತಿ ಇದೆ. ದಿನಕ್ಕೆ ಒಂಬತ್ತು ತಾಸಿಗಿಂತ ಹೆಚ್ಚು ದುಡಿಸಬಾರದು, ಐದು ತಾಸಿಗೆ ಒಂದು ವಿಶ್ರಾಂತಿ ಬೇಕು, 37 ಡಿಗ್ರಿ ಮೀರಿದ ಬಿಸಿಲಲ್ಲಿ ಹನ್ನೆರಡರಿಂದ ಮೂರರ ತನಕ ದುಡಿಸಬಾರದು ಎಂದೂ ಇದೆ. ಕಾಟಾದ ಮುಂದೆ ತಮ್ಮ ಬಹಳ ಹೊತ್ತು ಸುಮ್ಮನೆ ನಿಂತ. ಆಮೇಲೆ "ನಮ್ಮಪ್ಪನೂ ಇಷ್ಟ ಹೊರಸ್ತಿದ್ದ, ಅವರಪ್ಪನೂ" ಎಂದ. ಯಾರೂ ತೂಗಿರಲಿಲ್ಲ, ಅಷ್ಟೆ.

ಪಶುಗಳ ವೈದ್ಯ ನಮ್ಮ ನಾಡಿಗೆ ಹೊಸದಲ್ಲ. ಚಾಲುಕ್ಯರ ಕಾಲದಲ್ಲಿ ಕೀರ್ತಿವರ್ಮ ಕನ್ನಡದಲ್ಲಿ ಗೋವೈದ್ಯ ಬರೆದ. ಕಲ್ಯಾಣದ ಮೂರನೆಯ ಸೋಮೇಶ್ವರನ ಸಂಸ್ಕೃತ ಗ್ರಂಥ ಮಾನಸೋಲ್ಲಾಸದಲ್ಲಿ ಕುದುರೆಗೂ ನಾಯಿಗೂ ಜಾಗವಿದೆ. ಅರಸರ ಕುದುರೆಗೆ ಆಳುಗಳಿದ್ದರು, ಲಾಯವಿತ್ತು. ಕುರುಬನ ಕುದುರೆಗೆ ಕುರುಬನೇ ಎಲ್ಲ.

ಈಗ ನಮ್ಮೂರಲ್ಲಿ ಮನೆ ಮನೆಗೂ ಟೈಲ್ಸ್ ಬಂದಿವೆ. ವಯಸ್ಸಾದ ನಾಯಿ ಅದರ ಮೇಲೆ ಜಾರಿ ಸೊಂಟ ಕೆಡಿಸಿಕೊಳ್ಳುತ್ತದೆ, ಒಂದು ಗೋಣಿ ಚೀಲ ಹಾಸಿದರೆ ಸಾಕು. ಮುಧೋಳ ನಾಯಿಗೆ ಮೈಮೇಲೆ ಕೊಬ್ಬಿಲ್ಲ, ಬರಿ ನೆಲದ ಮೇಲೆ ಮಲಗಿ ಮೊಣಕೈಗೆ ಬಾವು ಬರುತ್ತದೆ, ಅದಕ್ಕೂ ಅದೇ ಗೋಣಿ ಚೀಲ. ನಮ್ಮ ಮೈಕೈ ನೋವಿನ ಗುಳಿಗೆಯನ್ನು ಮಾತ್ರ ನಾಯಿಗೆ ಹಾಕಬೇಡಿರಿ. ಐಬುಪ್ರೊಫೇನ್ ಅದರ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತದೆ, ಮೂತ್ರಪಿಂಡ ಕೆಡಿಸುತ್ತದೆ. ನೀವುವುದಕ್ಕೂ ಮೊದಲು ಡಾಕ್ಟರಿಗೆ ತೋರಿಸಿರಿ. ಮುರಿದ ಎಲುಬನ್ನು ನೀವಿದರೆ ಕಾಲು ಉಳಿಯುವುದಿಲ್ಲ.

ಚಂದ್ರಿಯ ಎಡಗಾಲಿನ ಎಳೆ ಇಂದಿಗೂ ಬಲಗಾಲಿನದಕ್ಕಿಂತ ದಪ್ಪ. ಅದು ಹೋಗುವುದಿಲ್ಲ ಅಂತ ಡಾಕ್ಟರ್ ಹೇಳಿದ್ದಾರೆ. ಈಗ ಅದು ಹೊರುವುದು ಮೊದಲಿನ ಅರ್ಧ. ಉಳಿದರ್ಧಕ್ಕೆ ತಮ್ಮ ಎರಡನೆಯ ಸಾರಿ ಹೋಗಿ ಬರುತ್ತಾನೆ. ಪ್ರತಿ ವಸ್ತಿಯಲ್ಲೂ ಅವನಿಗೆ ಒಂದೆರಡು ತಾಸು ಹೆಚ್ಚು ಹಿಡಿಯುತ್ತದೆ. ಸಂಗಡಿಗರು ನಗುತ್ತಾರೆ, "ಕುದುರಿ ನಿನ್ನ ಹೊರ್ತೈತೋ, ನೀ ಕುದುರಿನ್ನ ಹೊರ್ತೀಯೋ?" ಅಂತಾರೆ. ಅವನು ಮಾತು ಬೆಳೆಸುವುದಿಲ್ಲ. ಹೇರು ಇಳಿಸಿದ ಮೇಲೆ ಮೊದಲು ಕುಕ್ಕರುಗಾಲಲ್ಲಿ ಕುಂತು ಎರಡೂ ಕಾಲನ್ನು ಎರಡೂ ಕೈಯಲ್ಲಿ ಹಿಡಿದು ನೋಡುತ್ತಾನೆ, ಆಮೇಲೆ ಚಹಾಕ್ಕೆ ಒಲೆ ಹಚ್ಚುತ್ತಾನೆ. ಹೋದ ವರ್ಷದಿಂದ ಕಾಕಾನ ಮಗನೂ ಹಾಗೆಯೇ ಮಾಡುತ್ತಾನಂತೆ.